ಟಾಮ್ ರಾಬಿನ್ಸನ್ ಬಾಯಿ ಬಿಡೋದು ಯಾವಾಗ? ಅಮೆರಿಕದ ‘ನ್ಯಾಯ’ದ ಕಥೆಗಳ ಬಗ್ಗೆ ಒಂದು ಜಗಳ

ಕಟ್ಟೆಪುರಾಣ:
ನಮ್ಮ ಬಡಾವಣೆಯ ಲೈಬ್ರರೀಲಿ ಒಂದು ಗುಂಪಿದೆ. ತಿಂಗಳಿಗೊಂದು ಪುಸ್ತಕ ಓದೋದು, ಅದರದ್ದೇ ಸಿನಿಮಾ ನೋಡೋದು, ಟೀ ಕುಡಿದು ಜಗಳ ಆಡೋದು. ಈ ಸಲ ಅಮೆರಿಕದ ಸರದಿ. ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960), ಜೊತೆಗೆ ಗ್ರೆಗರಿ ಪೆಕ್ ವಕೀಲನಾಗಿರೋ 1962ರ ಸಿನಿಮಾ ಅಂತ ಹೆಚ್ಚುಕಡಿಮೆ ತೀರ್ಮಾನ ಆಗಿತ್ತು. ಕಥೆ ನಡೆಯೋದು ಅಲಬಾಮಾ ರಾಜ್ಯದಲ್ಲಿ: ಬಿಳಿ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದ ಅನ್ನೋ ಸುಳ್ಳು ಆರೋಪ ಹೊತ್ತ ಕಪ್ಪು ಮನುಷ್ಯ ಟಾಮ್ ರಾಬಿನ್ಸನ್, ಅವನ ಪರ ವಾದಿಸೋ ಬಿಳಿ ವಕೀಲ ಅಟಿಕಸ್, ಕಥೆ ಹೇಳೋ ಆ ವಕೀಲನ ಪುಟ್ಟ ಮಗಳು. ಅಷ್ಟರಲ್ಲಿ ಡಿಗ್ರಿ ಓದೋ ಹುಡುಗಿಯೊಬ್ಬಳು ತಕರಾರು ತೆಗೆದಳು. “ಸಾರ್, ಇದು ಕಪ್ಪು ಜನರ ಕಷ್ಟದ ಕಥೆ ಅಂತೀರಿ. ಟಾಮ್ ರಾಬಿನ್ಸನ್ ಸರಿಯಾಗಿ ಬಾಯಿ ಬಿಡೋದು ಕಟಕಟೆ ಹತ್ತಿದಾಗ ಮಾತ್ರ. ಸಾಯೋದೂ ಯಾರ ಕಣ್ಣಿಗೂ ಬೀಳದ ಹಾಗೆ. ಮಿಕ್ಕಿದ್ದೆಲ್ಲ ಬಿಳಿ ವಕೀಲರು ಎಷ್ಟು ದೊಡ್ಡ ಮನುಷ್ಯ ಅನ್ನೋದೇ. ಇದನ್ನ ಯಾಕೆ ಓದಬೇಕು?”

ಗುಂಪು ಎರಡು ಪಾಲಾಯ್ತು. ನೀವೇನಂತೀರಿ? ಇದನ್ನೇ ಇಟ್ಕೊಳ್ಳೋದಾ, ಬದಲಾಯಿಸೋದಾ? ಬದಲಾಯಿಸೋದಾದ್ರೆ ಪುಸ್ತಕ, ಸಿನಿಮಾ ಎರಡೂ ಇರೋದನ್ನ ಹೇಳಿ.

ಬೆಣ್ಣೆದೋಸೆ:
ಯೋಚನೆ ಜಾಸ್ತಿ ಆಯ್ತು. ಒಳ್ಳೆ ಸಿನಿಮಾ, ಹಾಕಿ ನೋಡಿ.

ಹಳೇಮೇಷ್ಟ್ರು:
ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೆ ಅಷ್ಟಕ್ಕೇ ಪುಸ್ತಕ ಕೈಬಿಡೋದು ಬೇಡ. ಟಾಮ್ ಆಡೋ ಮಾತು ಕಡಿಮೆ, ನಿಜ. ಆಡಿದ ಒಂದು ಮಾತು ನೋಡಿ. ಆ ಬಿಳಿ ಹೆಣ್ಣುಮಗಳ ಮನೆಕೆಲಸಾನ ಬಿಡಿಗಾಸೂ ತಗೊಳ್ಳದೆ ಯಾಕೆ ಮಾಡಿಕೊಡ್ತಿದ್ದೆ ಅಂತ ಸರ್ಕಾರಿ ವಕೀಲ ಕೆಣಕ್ತಾನೆ. ಟಾಮ್, ಅವಳನ್ನ ನೋಡಿ ಪಾಪ ಅನ್ನಿಸ್ತು ಅಂತಾನೆ. ಅಲ್ಲಿಗೆ ಕೇಸು ಮುಗೀತು.

ಸಾಕ್ಷ್ಯ ಪೂರಾ ಅವನ ಕಡೆಗಿದೆ. ಅವನ ಎಡಗೈ ಚಿಕ್ಕಂದಿನಲ್ಲೇ ಹತ್ತಿ ಬಿಡಿಸೋ ಯಂತ್ರಕ್ಕೆ ಸಿಕ್ಕಿ ಜೋತುಬಿದ್ದಿದೆ. ಪೆಟ್ಟು ಬಿದ್ದಿರೋದು ಅವಳ ಮುಖದ ಬಲಗಡೆ, ಅಂದ್ರೆ ಹೊಡೆದವನು ಎಡಚ. ಅವಳಪ್ಪ ಎಡಗೈಲಿ ಹೆಸರು ಬರೆದು ತೋರಿಸಿದ್ದೂ ಆಗಿದೆ. ಇಷ್ಟಿದ್ರೂ ಜ್ಯೂರಿ, ಅಂದ್ರೆ ತೀರ್ಪು ಹೇಳೋಕೆ ಊರ ಜನರಲ್ಲಿ ಆರಿಸಿದ 12 ಜನ ಬಿಳಿ ಗಂಡಸರು, ‘ತಪ್ಪಿತಸ್ಥ’ ಅಂತಾರೆ. ಕಪ್ಪು ಮನುಷ್ಯನೊಬ್ಬ ಬಿಳಿಯವಳ ಮೇಲೆ ಕನಿಕರ ಪಟ್ನಲ್ಲ, ಅವರಿಗೆ ತಡೆದುಕೊಳ್ಳೋಕೆ ಆಗದ್ದು ಅದು. ವಕೀಲರನ್ನ ಹೊಗಳೋ ಪುಸ್ತಕ ಅಂತೀರಲ್ಲ, ಆ ವಕೀಲ ಸೋಲ್ತಾನೆ ಕಣ್ರೀ.

ನೀಲಿಶಾಯಿ:
ಸೋತರೂ ಚಪ್ಪಾಳೆ ಅವನಿಗೇ ತಾನೆ ಮೇಷ್ಟ್ರೆ? ತೀರ್ಪು ಬಂದ ಮೇಲೆ ಏನಾಗುತ್ತೆ ನೆನಪು ಮಾಡ್ಕೊಳ್ಳಿ. ಕೋರ್ಟಿನ ಬಾಲ್ಕನೀಲಿ ಕಪ್ಪು ಜನ ಕೂತಿದ್ದಾರೆ, ಕೆಳಗೆ ಕೂರೋ ಹಾಗಿಲ್ಲ. ತಮ್ಮವನನ್ನ ಸಾಯಿಸೋಕೆ ಈಗಷ್ಟೇ ತೀರ್ಮಾನ ಆಗಿದೆ. ಅವರು ಅಳಲ್ಲ, ಬಯ್ಯಲ್ಲ. ಅಷ್ಟೂ ಜನ ಎದ್ದು ನಿಂತು ವಕೀಲರಿಗೆ ಮರ್ಯಾದೆ ಕೊಡ್ತಾರೆ. ಪಾದ್ರಿ ಆ ಪುಟ್ಟ ಹುಡುಗಿಗೂ, ಎದ್ದು ನಿಲ್ಲಮ್ಮ, ನಿಮ್ಮಪ್ಪ ಹೋಗ್ತಿದ್ದಾರೆ ಅಂತಾರೆ. ಓದೋವಾಗ ನಂಗೂ ಗಂಟಲು ಕಟ್ಟಿತ್ತು. ಆಮೇಲೆ ಸಿಟ್ಟು ಬಂತು. ಟಾಮ್‌ನ ಹೆಂಡತಿ ಹೆಲನ್ ಆ ರಾತ್ರಿ ಏನು ಮಾಡಿದಳು ಅಂತ ಪುಸ್ತಕ ಒಂದು ಪುಟ ಆದ್ರೂ ಹೇಳುತ್ತಾ?

ಹಳೇಮೇಷ್ಟ್ರು:
ಕಥೆ ಹೇಳ್ತಿರೋದು ಆರರಿಂದ ಒಂಬತ್ತು ವರ್ಷದೊಳಗಿನ ಮಗು. ಅದಕ್ಕೆ ಕಂಡಷ್ಟೇ ಬರೋದು.

ನೀಲಿಶಾಯಿ:
ಮಗು ಕೈಲಿ ಹೇಳಿಸಬೇಕು ಅಂತ ಆಯ್ಕೆ ಮಾಡಿದ್ದು ಮಗು ಅಲ್ಲವಲ್ಲ.

ಗಾಂಧಿಕ್ಲಾಸ್:
ಇದಕ್ಕೊಂದು ಮಜಾ ಇದೆ. 2015ರಲ್ಲಿ ‘ಗೋ ಸೆಟ್ ಎ ವಾಚ್‌ಮನ್’ ಅಂತ ಬಂತಲ್ಲ, ಅದು ಹಾರ್ಪರ್ ಲೀ ಮೊದಲು ಬರೆದಿಟ್ಟಿದ್ದ ಹಸ್ತಪ್ರತಿ. ಅದರಲ್ಲಿ ಅದೇ ಅಟಿಕಸ್ ಮುದುಕನಾಗಿದ್ದಾನೆ, ಕಪ್ಪು ಜನರಿಗೆ ಸಮಾನ ಹಕ್ಕು ಕೊಡಬಾರದು ಅನ್ನೋರ ಸಭೆಗೆ ಹೋಗಿ ಕೂರ್ತಾನೆ. ಇನ್ನೂ ವಿಚಿತ್ರ ಅಂದ್ರೆ, ಆ ಹಸ್ತಪ್ರತಿಯಲ್ಲಿ ಹಳೇ ಕೇಸು ಒಂದೆರಡು ಮಾತಲ್ಲಿ ಬಂದು ಹೋಗುತ್ತೆ, ಆರೋಪಿ ಬಿಡುಗಡೆ ಆಗಿರ್ತಾನೆ! ತಿದ್ದಿ ಬರೆಯೋವಾಗ ವಕೀಲ ಒಳ್ಳೆಯವನಾದ, ಆರೋಪಿಗೆ ಶಿಕ್ಷೆ ಆಯ್ತು. ವಕೀಲನ ಒಳ್ಳೆತನ ಎದ್ದು ಕಾಣೋಕೆ ಟಾಮ್ ಸಾಯಬೇಕಾಯ್ತು ಅಂತ ನಂಗೆ ಅನ್ನಿಸೋದು.

2018ರಲ್ಲಿ ಆರನ್ ಸೋರ್ಕಿನ್ ಇದನ್ನ ಬ್ರಾಡ್‌ವೇ ನಾಟಕ ಮಾಡಿದಾಗ ಟಾಮ್‌ಗೂ ಅಡುಗೆಯ ಕ್ಯಾಲ್‌ಪರ್ನಿಯಾಗೂ ಮಾತು ಜಾಸ್ತಿ ಕೊಟ್ಟರು. ಅಂದ್ರೆ ನಿಮ್ಮ ಹುಡುಗಿಯ ತಕರಾರು ಅಲ್ಲಿಯವರದ್ದೂ ಹೌದು.

ಹಂಟ್ಸ್‌ವಿಲ್ ಹೈದ:
ನಾನಿರೋದು ಅಲಬಾಮಾದಲ್ಲೇ, ಹಾಗಾಗಿ ನಾಲ್ಕು ಸಾಲು. ಹಾರ್ಪರ್ ಲೀ ಊರು ಮನ್ರೋವಿಲ್. ಊರ ನಡುವಿನ ಹಳೇ ಕೋರ್ಟು ಈಗ ಮ್ಯೂಸಿಯಂ. ಹಾಲಿವುಡ್‌ನವರು ಬಂದು ನೋಡಿಕೊಂಡು ಹೋಗಿ ಅದೇ ಥರದ ಕೋರ್ಟನ್ನ ಸ್ಟುಡಿಯೋದಲ್ಲಿ ಕಟ್ಟಿದ್ದು. ವರ್ಷಾ ವಸಂತದಲ್ಲಿ ಊರವರೇ ಈ ಕಥೆನ ನಾಟಕ ಆಡ್ತಾರೆ. ಮೊದಲರ್ಧ ಹೊರಗೆ ಹುಲ್ಲಿನ ಮೇಲೆ, ವಿಚಾರಣೆ ಭಾಗಕ್ಕೆ ಎಲ್ಲರೂ ಒಳಗೆ. ಪ್ರೇಕ್ಷಕರಲ್ಲೇ 12 ಜನರನ್ನ ಕರೆದು ಜ್ಯೂರಿ ಬೆಂಚಿನ ಮೇಲೆ ಕೂರಿಸ್ತಾರೆ. ನಾವು ಹೋದಾಗ ಪಕ್ಕದ ಕುರ್ಚಿಯಲ್ಲಿ ಐಸ್‌ಕ್ರೀಂ ತಿಂತಿದ್ದ ತಾತ ಎದ್ದು ಹೋಗಿ ಜ್ಯೂರಿ ಆಗಿ ಕೂತ. ಕೊನೆಗೆ ‘ತಪ್ಪಿತಸ್ಥ’ ಅನ್ನೋ ಗುಂಪಿನಲ್ಲಿ ಅವನೂ ಒಬ್ಬ! ವಾಪಸ್ ಬಂದು ಕೂತಾಗ ಮುಖ ಪೆಚ್ಚಾಗಿತ್ತು.

ಬೆಣ್ಣೆದೋಸೆ:
ಐಸ್‌ಕ್ರೀಂ ಏನಾಯ್ತು?

ಹಂಟ್ಸ್‌ವಿಲ್ ಹೈದ:
ಹೆಂಡತಿ ಮುಗಿಸಿದ್ರು.

ಕರಿಕೋಟು:
ಮನ್ರೋವಿಲ್ ಹೆಸರು ಬಂದಿದ್ದು ಒಳ್ಳೇದಾಯ್ತು. ಇದೇ ಊರಿನ ಕಪ್ಪು ಮನುಷ್ಯ ವಾಲ್ಟರ್ ಮೆಕ್‌ಮಿಲಿಯನ್. ಮರದ ವ್ಯಾಪಾರ ಮಾಡಿಕೊಂಡಿದ್ದವನು. 1986ರಲ್ಲಿ ಊರಲ್ಲಿ ಒಂದು ಕೊಲೆ ಆಯ್ತು, ಬಿಳಿ ಹುಡುಗಿಯದು. ತಿಂಗಳುಗಟ್ಟಲೆ ಯಾರೂ ಸಿಗದೆ ಕೊನೆಗೆ ಇವನನ್ನ ಹಿಡಿದರು. ಕೊಲೆ ನಡೆದ ಹೊತ್ತಿಗೆ ಇವನ ಮನೇಲಿ ಚರ್ಚಿಗೆ ಹಣ ಕೂಡಿಸೋಕೆ ಮೀನು ಹುರಿದು ಮಾರ್ತಿದ್ರು, ಅಲ್ಲಿದ್ದವರೆಲ್ಲ ಇವನನ್ನ ನೋಡಿದ್ದಾರೆ. ಆದರೆ ನೋಡಿದವರು ಕಪ್ಪು ಜನ. ವಿಚಾರಣೆ ಶುರುವಾಗೋ ಮುಂಚೆನೇ ಇವನನ್ನ ಮರಣದಂಡನೆ ಕೈದಿಗಳ ಸಾಲಿಗೆ ಹಾಕಿದ್ರು. ವಿಚಾರಣೆಗೆ ಮುಂಚೆ! ನಾನು ವೃತ್ತಿಯಲ್ಲಿ ಇದ್ದೀನಿ, ಇದನ್ನ ಓದಿ ಪುಸ್ತಕ ಕೆಳಗಿಟ್ಟು ಹೊರಗೆ ಹೋಗಿ ಓಡಾಡಿ ಬಂದೆ.

1988ರಲ್ಲಿ ಒಂದೂವರೆ ದಿನದಲ್ಲಿ ವಿಚಾರಣೆ ಮುಗೀತು. ಜ್ಯೂರಿ ಜೀವಾವಧಿ ಅಂತ ಹೇಳಿದ್ರೂ ನ್ಯಾಯಾಧೀಶರು ಅದನ್ನ ಬದಿಗೊತ್ತಿ ಮರಣದಂಡನೆ ಬರೆದರು. ಅಲಬಾಮಾದಲ್ಲಿ ಜಡ್ಜಿಗೆ ಆ ಅಧಿಕಾರ ಇತ್ತು, ತೆಗೆದದ್ದು 2017ರಲ್ಲಿ. ಮುಖ್ಯ ಸಾಕ್ಷಿ ತಾನು ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡ ಮೇಲೆ, ಬ್ರಯನ್ ಸ್ಟೀವನ್‌ಸನ್ ಅನ್ನೋ ವಕೀಲರು ಹೋರಾಡಿ 1993ರಲ್ಲಿ ಬಿಡಿಸಿದರು. ಅವರ ಪುಸ್ತಕ ‘ಜಸ್ಟ್ ಮರ್ಸಿ’ 2014ರದ್ದು, ಸಿನಿಮಾ 2019ರದ್ದು. ಸಿನಿಮಾದಲ್ಲಿ ಸರ್ಕಾರಿ ವಕೀಲ ಇವರಿಗೆ, ಊರಿಗೆ ಬಂದಿದ್ದೀರಿ, ಮಾಕಿಂಗ್‌ಬರ್ಡ್ ಮ್ಯೂಸಿಯಂ ನೋಡ್ಕೊಂಡು ಹೋಗಿ ಅಂತಾನೆ. ಟಾಮ್ ರಾಬಿನ್ಸನ್‌ಗೋಸ್ಕರ ಕಣ್ಣೀರು ಹಾಕೋ ಊರು, ನಿಜವಾದ ಟಾಮ್ ಎದುರಿಗೆ ಬಂದರೆ ಗುರುತು ಹಿಡಿಯಲಿಲ್ಲ.

ಕಟ್ಟೆಪುರಾಣ ಅವರೇ, ಮಾಕಿಂಗ್‌ಬರ್ಡ್ ಇಟ್ಕೊಳ್ಳಿ. ಜೊತೆಗೆ ಸಿನಿಮಾ ಅದರದ್ದು ಬೇಡ, ‘ಜಸ್ಟ್ ಮರ್ಸಿ’ ಹಾಕಿ. ಜಗಳ ತಾನಾಗೇ ಹತ್ತಿಕೊಳ್ಳುತ್ತೆ.

ಕಟ್ಟೆಪುರಾಣ:
ಇದು ಹಿಡಿಸ್ತು. ಆದರೆ ಅಲ್ಲೂ ವಕೀಲರೇ ನಾಯಕರಲ್ವಾ?

ಕರಿಕೋಟು:
ಹೌದು, ಆದರೆ ಈ ವಕೀಲರು ಕಪ್ಪು ಜನಾಂಗದವರು. ಕಕ್ಷಿದಾರನನ್ನ ನೋಡೋಕೆ ಜೈಲಿಗೆ ಹೋದರೆ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡೋ ದೃಶ್ಯ ಸಿನಿಮಾದಲ್ಲಿದೆ. ಗ್ರೆಗರಿ ಪೆಕ್‌ಗೆ ಆ ಕಾಟ ಇರಲಿಲ್ಲ.

ಕುಡ್ಲದ ಮೀನು:
ಎಂಥದು ಮಾರಾಯ್ರೆ, ಕೋರ್ಟು ಕಥೆ ಅಂತ ಇಷ್ಟು ಉದ್ದ ಮಾತಾಡ್ತೀರಿ, ‘12 ಆಂಗ್ರಿ ಮೆನ್’ ಹೆಸರು ಒಬ್ಬರೂ ಎತ್ತಲಿಲ್ಲವಾ? 1957ರದ್ದು, ಸಿಡ್ನಿ ಲುಮೆಟ್. ಒಂದೇ ಕೋಣೆ, ಸೆಕೆ, ತಿರುಗದ ಫ್ಯಾನು, 12 ಜನ ಗಂಡಸರು. ಸ್ಲಮ್ಮಿನ ಹುಡುಗ ಅಪ್ಪನನ್ನು ಕೊಂದಿದ್ದಾನಾ ಇಲ್ಲವಾ ಅಂತ ತೀರ್ಮಾನ ಮಾಡ್ಲಿಕ್ಕೆ ಕೂತದ್ದು. ಹತ್ತನೇ ಜ್ಯೂರಿ ‘ಆ ಜನ ಎಲ್ಲ ಹಾಗೆಯೇ, ಹುಟ್ಟಾ ಸುಳ್ಳರು’ ಅಂತ ಬೊಬ್ಬೆ ಹಾಕುವಾಗ ಒಬ್ಬೊಬ್ಬರಾಗಿ ಎದ್ದು ಅವನಿಗೆ ಬೆನ್ನು ಹಾಕಿ ನಿಲ್ಲುದುಂಟಲ್ಲ, ಅದಕ್ಕಿಂತ ದೊಡ್ಡ ಪೆಟ್ಟು ಯಾವ ಸಿನಿಮಾದಲ್ಲಿ ಉಂಟು ಹೇಳಿ.

ಗಾಂಧಿಕ್ಲಾಸ್:
ಅದನ್ನ ಬಾಸು ಚಟರ್ಜಿ 1986ರಲ್ಲಿ ಹಿಂದಿಗೆ ತಂದರು, ‘ಏಕ್ ರುಕಾ ಹುವಾ ಫೈಸ್ಲಾ’. ಅದರಲ್ಲಿ ಮುದುಕನ ಪಾತ್ರ ಅನ್ನೂ ಕಪೂರ್‌ದು. ಆಗ ಅವರಿಗೆ ಮೂವತ್ತರ ಆಸುಪಾಸು! ಕೆಮ್ಮೋದು, ಕೈ ನಡುಗೋದು ನೋಡಿದ್ರೆ ಎಪ್ಪತ್ತು ದಾಟಿದೋರೇ ಅನ್ನಬೇಕು.

ಕುಡ್ಲದ ಮೀನು:
ಪಂಕಜ್ ಕಪೂರ್ ಬಿಟ್ಟದ್ದು ಯಾಕೆ? ಕೊನೆಗೆ ಮಗನ ನೆನಪಲ್ಲಿ ಒಡೆದು ಹೋಗುದು ಮೂಲಕ್ಕಿಂತ ಒಂದು ಕೈ ಮೇಲೆ ಅಂತ ನನ್ನ ಅಭಿಪ್ರಾಯ.

ಬೆಣ್ಣೆದೋಸೆ:
ಮೂಲಕ್ಕಿಂತ ಮೇಲೆ?? ಮೂಲದಲ್ಲಿ ಆ ಪಾತ್ರ ಮಾಡಿದ ಲೀ ಜೆ. ಕಾಬ್ ನೋಡಿದ್ದೀರಾ ಇಲ್ವಾ.

ಕರಿಕೋಟು:
ನಟನೆ ಜಗಳ ಆಮೇಲೆ. ಆ ಸಿನಿಮಾದಲ್ಲಿ ಎಂಟನೇ ಜ್ಯೂರಿ ತಾನೇ ಅಂಗಡೀಲಿ ಅಂಥದ್ದೇ ಚಾಕು ಕೊಂಡು ತಂದು ಮೇಜಿಗೆ ಚುಚ್ಚುತ್ತಾನಲ್ಲ, ಎಲ್ಲರೂ ಸಿಳ್ಳೆ ಹೊಡೀತಾರೆ, ನಿಜದಲ್ಲಿ ಹಾಗೆ ಮಾಡಿದ್ರೆ ಆ ವಿಚಾರಣೆನೇ ರದ್ದಾಗಬಹುದು. ಕೋರ್ಟಿಗೆ ಬರದ ಸಾಕ್ಷ್ಯವನ್ನ ಜ್ಯೂರಿ ತಾನಾಗಿ ತರೋ ಹಾಗಿಲ್ಲ.

ಅಷ್ಟೂ ಕಥೆ ನಿಂತಿರೋದು ಹನ್ನೆರಡೂ ಜನ ಒಂದೇ ಮಾತು ಹೇಳಬೇಕು ಅನ್ನೋ ನಿಯಮದ ಮೇಲೆ. ಆದರೆ ಲೂಸಿಯಾನಾ ರಾಜ್ಯದಲ್ಲಿ, ಮರಣದಂಡನೆ ಕೇಸು ಬಿಟ್ಟರೆ, ಆ ನಿಯಮ ಇರಲಿಲ್ಲ. 1898ರಲ್ಲಿ ಅಲ್ಲಿ ಹೊಸ ಸಂವಿಧಾನ ಬರೆದಾಗ 9 ಜನ ಒಪ್ಪಿದ್ರೆ ಸಾಕು ಅಂತ ಮಾಡಿದ್ರು, ಆಮೇಲೆ ಅದು 10 ಆಯ್ತು. ಕಪ್ಪು ಜನರನ್ನ ಜ್ಯೂರಿಯಿಂದ ಪೂರ್ತಿ ಹೊರಗಿಡೋಕೆ ಆಗದಿದ್ರೆ ಏನಂತೆ, ಒಬ್ಬಿಬ್ಬರು ಬಂದರೂ ಅವರ ಮಾತು ನಡೆಯಬಾರದು ಅಂತ. ಸುಪ್ರೀಂ ಕೋರ್ಟು ಇದನ್ನ ತಳ್ಳಿಹಾಕಿದ್ದು 2020ರಲ್ಲಿ, ರಾಮೋಸ್ ಕೇಸಿನಲ್ಲಿ. ಸಿನಿಮಾದ್ದು ಮರಣದಂಡನೆ ಕೇಸು; ಅದಲ್ಲದೆ ಬೇರೆ ಕೇಸಾಗಿದ್ದು, ಎಂಟನೇ ಜ್ಯೂರಿ ಹೆನ್ರಿ ಫೋಂಡಾನ ಆ ರಾಜ್ಯದ ಜ್ಯೂರಿ ಕೋಣೆಗೆ ಹಾಕಿದ್ರೆ ಸಿನಿಮಾ ಐದು ನಿಮಿಷಕ್ಕೆ ಮುಗೀತಿತ್ತು. ಮೊದಲ ಓಟಿನಲ್ಲೇ 11 ಜನ ‘ತಪ್ಪಿತಸ್ಥ’ ಅಂದಿದ್ರಲ್ಲ!

ಕುಡ್ಲದ ಮೀನು:
ಹಾಗಾದರೆ ನಮ್ಮಲ್ಲಿ ಜ್ಯೂರಿ ತೆಗೆದದ್ದೇ ಒಳ್ಳೆದಾಯ್ತು. ನಾನಾವತಿ ಕೊಲೆ ಕೇಸಿನಲ್ಲಿ ಜ್ಯೂರಿಯ ಎಂಟು ಜನ ನಿರ್ದೋಷಿ ಅಂದು ಬಿಟ್ಟರು, ಅದೇ ಕೊನೆ ಅಲ್ಲವಾ?

ಕರಿಕೋಟು:
ಎಲ್ಲರೂ ಹಾಗೇ ಹೇಳ್ತಾರೆ. ಅದರ ನಂತರವೂ ಕೆಲವು ಕಡೆ ಜ್ಯೂರಿ ನಡೀತಿತ್ತು. ಪೂರ್ತಿ ಹೋದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ.

ಎಡದಂಡೆ ರಾಯಚೂರು:
ನಿಮ್ದೆಲ್ಲ ಕೋರ್ಟು ಕಚೇರಿ ಆತ್ರಿ. ಕಷ್ಟ ಅಂದ್ರ ಬರೀ ಕಟಕಟಿ ಅಲ್ಲ. ಸ್ಟೈನ್‌ಬೆಕ್ ಬರೆದ ‘ದ ಗ್ರೇಪ್ಸ್ ಆಫ್ ರಾತ್’ ಓದ್ರಿ, 1939ರದ್ದು. ಒಕ್ಲಹೋಮಾದಾಗ ಮಳಿ ಇಲ್ಲ, ಮಣ್ಣು ಗಾಳಿಗೆ ಹಾರಿ ಹೊಂಟೈತಿ, ಬ್ಯಾಂಕಿನವರು ಟ್ರ್ಯಾಕ್ಟರ್ ಹಚ್ಚಿ ಮನಿ ಕೆಡವ್ಯಾರ. ಜೋಡ್ ಮನೆತನ ಹಳೇ ಗಾಡಿಗೆ ಸಾಮಾನು ಹೇರಿಕೊಂಡು 66ನೇ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಾಕ್ಕ ಗುಳೆ ಹೊಂಡ್ತದ. ಅಜ್ಜ ದಾರ್‍ಯಾಗ ತೀರಿಕೊಂಡ, ರಸ್ತೆ ಬಾಜೂಕ ಮಣ್ಣು ಮಾಡಿದ್ರು. ಅಜ್ಜಿ ತೀರಿದ್ದನ್ನ ಆ ತಾಯಿ ಯಾರಿಗೂ ಹೇಳಂಗಿಲ್ಲ, ಹೆಣದ ಮಗ್ಗಲದಾಗ ರಾತ್ರಿ ಪೂರಾ ಮಲಗಿ ಮರುಭೂಮಿ ದಾಟಸ್ತಾಳ. ಯಾಕಂದ್ರ ತಪಾಸಣೆಯವರು ತಡದ್ರ ಮಂದಿ ಎಲ್ಲ ನಡುವ ಉಳೀತಾರ.

ಇನ್ನೊಂದು ನೋಡ್ರಿ. ಅವರ ಕೈಯಾಗ ಒಂದು ಚೀಟಿ ಐತಿ, ಕೆಲಸಕ್ಕ ಮಂದಿ ಬೇಕಾಗ್ಯಾರ ಅಂತ. ಹಾದ್ಯಾಗ ಸಿಕ್ಕವ ಒಬ್ಬ ಅಲ್ಲೇ ಮಕ್ಕಳನ್ನ ಕಳಕೊಂಡು ವಾಪಸ್ ಹೊಂಟಾನ, ಅವ ಲೆಕ್ಕ ಹೇಳ್ತಾನ. ಧಣಿಗೆ ಬೇಕಾದವರು 800 ಮಂದಿ. ಚೀಟಿ ಅಚ್ಚು ಹಾಕಿಸೋದು 5000. ಓದೋರು 20 ಸಾವಿರ. ಎಲ್ಲಾರೂ ಹಸಕೊಂಡು ಬಂದು ನಿಂತ್ರ ಕೂಲಿ ತಾನಾಗೇ ಇಳೀತದ. ನಮ್ಮ ಕಡಿ ಮಂದಿ ಬೆಂಗಳೂರಿಗೆ ಬಿಲ್ಡಿಂಗ್ ಕೆಲಸಕ್ಕ ಗುಳೆ ಹೋಗ್ತಾರಲ್ಲ, ಮೇಸ್ತ್ರಿ ಮುಂಗಡ ಕೊಟ್ಟು ಬಸ್ಸು ಹತ್ತಿಸ್ತಾನ. ಅಲ್ಲಿ ಹೋದ ಮ್ಯಾಲೆ ಹೇಳಿದ್ದು ಬ್ಯಾರೆ, ಕೊಡೋದು ಬ್ಯಾರೆ. ನಮ್ಮ ಓಣ್ಯಾಗ ಈ ಪುಸ್ತಕ ಯಾರಿಗೂ ಬಿಡಿಸಿ ಹೇಳೋದು ಬ್ಯಾಡ.

ಹಳೇಮೇಷ್ಟ್ರು:
ಒಳ್ಳೆ ಆಯ್ಕೆ. ಪುಸ್ತಕ ಬಂದ ವರ್ಷವೇ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಶಾಲೆ, ಲೈಬ್ರರಿಗಳಿಂದ ಅದನ್ನ ತೆಗೆಸಿದ್ರು. ಕಥೆ ಯಾರ ತೋಟದ ಬಗ್ಗೆ ಅಂತ ಅವರಿಗೆ ಗೊತ್ತಾಗಿತ್ತು.

ನೀಲಿಶಾಯಿ:
ಎಡದಂಡೆ ಅಣ್ಣ, ಪುಸ್ತಕ ನಂಗೂ ಇಷ್ಟ. ಆದ್ರೆ ಅದೇ ತೋಟಗಳಲ್ಲಿ ಜೋಡ್ ಮನೆಯವರಿಗಿಂತ ಮುಂಚೆ ದುಡೀತಿದ್ದವರು ಮೆಕ್ಸಿಕೋ, ಫಿಲಿಪೀನ್ಸ್, ಜಪಾನ್ ಕಡೆಯವರು. 1930ರ ದಶಕದಲ್ಲಿ ಮೆಕ್ಸಿಕೋ ಮೂಲದವರನ್ನ, ಅಲ್ಲೇ ಹುಟ್ಟಿದವರನ್ನೂ ಸೇರಿಸಿ, ರೈಲು ಹತ್ತಿಸಿ ಗಡಿ ದಾಟಿಸಿದ್ರು. ಕಾದಂಬರೀಲಿ ಅವರು ಬರೋದು ಬಾಯಿಮಾತಿಗೆ. ಬಿಳಿಯರು ಹಸಿದಾಗ ಇಡೀ ದೇಶ ಅತ್ತಿತು.

ಇನ್ನೊಂದು ವಿಷಯ. ಸನೋರಾ ಬಾಬ್ ಅಂತ ಒಬ್ಬ ಲೇಖಕಿ, ಹುಟ್ಟಿದ್ದು ಒಕ್ಲಹೋಮಾದಲ್ಲೇ. ವಲಸೆಯವರ ಕ್ಯಾಂಪುಗಳಲ್ಲಿ ಕೆಲಸ ಮಾಡ್ತಾ ಟಿಪ್ಪಣಿ ಬರೆದಿಡ್ತಿದ್ರು. ಕ್ಯಾಂಪಿನ ಮ್ಯಾನೇಜರ್ ಟಾಮ್ ಕಾಲಿನ್ಸ್ ಕೈಯಿಂದ ಆ ಟಿಪ್ಪಣಿ ಸ್ಟೈನ್‌ಬೆಕ್‌ಗೂ ಹೋಯ್ತು. ಆಕೆಯ ಕಾದಂಬರಿ ಪ್ರಕಾಶಕರ ಕೈ ಸೇರೋ ಹೊತ್ತಿಗೆ ‘ಗ್ರೇಪ್ಸ್’ ಬಂದು ಗೆದ್ದಾಗಿತ್ತು, ಇದೇ ವಸ್ತುವಿಗೆ ಇನ್ನೊಂದು ಪುಸ್ತಕ ಬೇಡ ಅಂತ ಬಿಟ್ಟರು. ಅಚ್ಚಾದದ್ದು 2004ರಲ್ಲಿ, ‘ಹೂಸ್ ನೇಮ್ಸ್ ಆರ್ ಅನ್‌ನೋನ್’ ಅಂತ. ಅಷ್ಟೊತ್ತಿಗೆ ಆಕೆಗೆ ತೊಂಬತ್ತು ದಾಟಿತ್ತು.

ಸೊಪ್ಪಿನಮಾರ್ಕೆಟ್:
ಪಿಡಿಎಫ್ ಇದ್ರೆ ಹಾಕಿ ಅಣ್ಣ

ಮಾಡರೇಟರ್:
ಇಲ್ಲಿ ಪಿಡಿಎಫ್ ಕೇಳೋ ಹಾಗಿಲ್ಲ, ಹಾಕೋ ಹಾಗೂ ಇಲ್ಲ. ಲೈಬ್ರರಿ ಬಗ್ಗೆ ಶುರುವಾದ ಚರ್ಚೆಯಲ್ಲೇ ಹೀಗಾ?

ಬೆಣ್ಣೆದೋಸೆ:
ನೀಲಿಶಾಯಿಯವರ ಲೆಕ್ಕದಲ್ಲಿ ಯಾವ ಪುಸ್ತಕನೂ ಪಾಸಾಗಲ್ಲ. ಬರೆದವರ ಜಾತಿ, ಬಣ್ಣ ನೋಡಿ ಓದೋದಾದ್ರೆ ಚೋಮನ ದುಡೀನೂ ಬಿಸಾಕಬೇಕು, ಕಾರಂತರು ಬ್ರಾಹ್ಮಣರು.

ನೀಲಿಶಾಯಿ:
ಬಿಸಾಕಿ ಅಂದವರು ಯಾರು ಸ್ವಾಮಿ? ಚೋಮ ಉಳೋಕೆ ಒಂದು ತುಂಡು ಭೂಮಿ ಸಿಗದೆ ಸಾಯೋ ಕಥೆನ ನಾನು ಮೂರು ಸಲ ಓದಿದ್ದೀನಿ. ಪಕ್ಕದಲ್ಲಿ ದೇವನೂರರ ‘ಒಡಲಾಳ’ ಇಟ್ಟು ಓದಿ ಅಂತೀನಿ ಅಷ್ಟೆ. ಅಲ್ಲಿ ಸಾಕವ್ವ ಕಳೆದುಹೋದ ಹುಂಜ ಹುಡುಕ್ಕೊಂಡು ಊರನ್ನೇ ಬಯ್ತಾಳೆ. ಕದ್ದು ತಂದ ಕಡ್ಲೇಕಾಯಿನ ಮನೆ ಮಂದಿ ರಾತ್ರಿ ಒಲೆ ಸುತ್ತ ಕೂತು ತಿಂದು ನಗ್ತಾರೆ. ಬಡವರು ನಗೋದನ್ನ ಹೊರಗಿಂದ ಬರೆಯೋರು ಅಷ್ಟಾಗಿ ಬರೆಯಲ್ಲ, ಅವರಿಗೆ ಕಣ್ಣೀರೇ ಬೇಕು. ಅಮೆರಿಕದ ಪುಸ್ತಕಕ್ಕೂ ನಾನು ಕೇಳ್ತಿರೋದು ಇಷ್ಟೇ. ಮಾಕಿಂಗ್‌ಬರ್ಡ್ ಓದಿ, ಪಕ್ಕದಲ್ಲಿ ಕಪ್ಪು ಲೇಖಕ ರಿಚರ್ಡ್ ರೈಟ್ ಬರೆದ ‘ನೇಟಿವ್ ಸನ್’ (1940) ಇಡಿ. ಅದರ ನಾಯಕ ಬಿಗ್ಗರ್ ಥಾಮಸ್ ಟಾಮ್ ಹಾಗೆ ಸಾಧು ಅಲ್ಲ, ನಿಜವಾಗಿ ಕೊಲೆ ಮಾಡ್ತಾನೆ. ಒಳ್ಳೆಯವನಾದ್ರೆ ಮಾತ್ರ ನ್ಯಾಯನಾ ಅಂತ ಆಗ ನಿಮ್ಮ ಗುಂಪು ಜಗಳ ಆಡಲಿ, ನೋಡೋಣ.

ಅಂಬೇಡ್ಕರ್ 1946ರಲ್ಲಿ ಅಲ್ಲಿಯ ಕಪ್ಪು ಚಿಂತಕ ಡು ಬಾಯ್ಸ್‌ಗೆ ಕಾಗದ ಬರೆದು, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಡ್ತಿದ್ದ ಮನವಿಯ ಪ್ರತಿ ಕೇಳಿದ್ರು. ನಾವು ಇವರನ್ನ ಓದ್ತಿರೋದು ಇವತ್ತು ನಿನ್ನೆಯಿಂದಲ್ಲ.

ಹಳೇಮೇಷ್ಟ್ರು:
ಬಿಗ್ಗರ್ ಬಗ್ಗೆ ಇನ್ನೊಬ್ಬ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್‌ಗೇ ತಕರಾರಿತ್ತು. 1949ರ ಪ್ರಬಂಧದಲ್ಲಿ ಚೆನ್ನಾಗಿ ಜಾಡಿಸಿದ್ದಾರೆ. ಬಿಳಿಯರು ಹೆದರೋ ಕಪ್ಪು ಮನುಷ್ಯನನ್ನೇ ರೈಟ್ ಬರೆದುಕೊಟ್ಟರು ಅನ್ನೋ ಧಾಟಿ.

ನೀಲಿಶಾಯಿ:
ಹೌದು. ಅದು ಮನೆಯೊಳಗಿನ ಜಗಳ. ನಂಗೆ ಬೇಕಾಗಿರೋದೂ ಅದೇ.

ಗಾಂಧಿಕ್ಲಾಸ್:
ಬಾಲ್ಡ್‌ವಿನ್ ಹೆಸರು ಬಂತಲ್ಲ, ಸಿನಿಮಾ ಬಗ್ಗೆ ಅವರು ಹೇಳಿದ್ದೊಂದು ಕೇಳಿ. ‘ದ ಡಿಫೈಯಂಟ್ ಒನ್ಸ್’ (1958) ಅಂತ ಚಿತ್ರ. ಕಪ್ಪು ನಟ ಸಿಡ್ನಿ ಪಾಯ್ಟಿಯೇ, ಬಿಳಿ ನಟ ಟೋನಿ ಕರ್ಟಿಸ್ ಇಬ್ಬರೂ ಒಂದೇ ಸರಪಳಿಗೆ ಬಿಗಿಸಿಕೊಂಡ ಕೈದಿಗಳು, ತಪ್ಪಿಸಿಕೊಂಡು ಓಡ್ತಾರೆ. ಕೊನೆಗೆ ಪಾಯ್ಟಿಯೇ ರೈಲು ಹತ್ತಿದಾನೆ, ಬಿಳಿಯವನಿಗೆ ಹತ್ತೋಕೆ ಆಗ್ತಿಲ್ಲ. ಅವನಿಗೋಸ್ಕರ ಇವನು ಕೆಳಗೆ ಹಾರ್ತಾನೆ. ಬಿಳಿ ಪ್ರೇಕ್ಷಕರಿಗೆ ಹಾಯ್ ಅನ್ನಿಸ್ತಂತೆ. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಥಿಯೇಟರಿನಲ್ಲಿ ಕಪ್ಪು ಜನ ಕೂಗಿದ್ದು ಮಾತ್ರ, ಲೇ ಪೆದ್ದ, ವಾಪಸ್ ರೈಲು ಹತ್ತೋ ಅಂತ!

ಅದೇ ಪಾಯ್ಟಿಯೇ 1967ರ ‘ಇನ್ ದ ಹೀಟ್ ಆಫ್ ದ ನೈಟ್’ನಲ್ಲಿ ಹತ್ತಿ ತೋಟದ ಧಣಿ ಕೆನ್ನೆಗೆ ಹೊಡೆದ ತಕ್ಷಣ ತಿರುಗಿಸಿ ಬಾರಿಸ್ತಾನೆ. ಒಂದು ಸೆಕೆಂಡೂ ಯೋಚಿಸಲ್ಲ. ಕಥೆ ನಡೆಯೋದು ಮಿಸಿಸಿಪ್ಪಿಯಲ್ಲಿ, ಚಿತ್ರೀಕರಣದ ಹೆಚ್ಚು ಪಾಲು ಇಲಿನಾಯ್‌ನಲ್ಲಿ, ದಕ್ಷಿಣಕ್ಕೆ ಹೋಗೋಕೆ ಪಾಯ್ಟಿಯೇಗೆ ಜೀವಭಯ ಇತ್ತು. ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವಾರ ಅದು, ಸಮಾರಂಭವನ್ನೇ ಎರಡು ದಿನ ಮುಂದಕ್ಕೆ ಹಾಕಿದ್ರು. ನಟನೆಗೆ ಆಸ್ಕರ್ ಯಾರಿಗೆ? ಪೊಲೀಸ್ ಮುಖ್ಯಸ್ಥನ ಪಾತ್ರದ ರಾಡ್ ಸ್ಟೈಗರ್‌ಗೆ. ಪಾಯ್ಟಿಯೇ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

ಹಂಟ್ಸ್‌ವಿಲ್ ಹೈದ:
ಸಾಧ್ಯ ಆದವರು ಅಲಬಾಮಾದ ರಾಜಧಾನಿ ಮಾಂಟ್‌ಗಮರಿಗೆ ಹೋಗಿ ಬನ್ನಿ. ‘ಜಸ್ಟ್ ಮರ್ಸಿ’ ಸ್ಟೀವನ್‌ಸನ್ ಅವರ ಸಂಸ್ಥೆ 2018ರಲ್ಲಿ ಅಲ್ಲೊಂದು ಸ್ಮಾರಕ ಕಟ್ಟಿದೆ, ಬಿಳಿಯರು ಗುಂಪುಗೂಡಿ ಕೊಂದುಹಾಕಿದ ಕಪ್ಪು ಜನರ ನೆನಪಿಗೆ. ತುಕ್ಕು ಬಣ್ಣದ ಉಕ್ಕಿನ ಕಂಬ 800ಕ್ಕೂ ಹೆಚ್ಚು, ಕೌಂಟಿಗೊಂದು, ಮೇಲೆ ಹೆಸರು, ದಿನಾಂಕ. ಶುರುವಿನಲ್ಲಿ ಕಂಬಗಳು ನಮ್ಮ ಕಣ್ಣಿನ ಮಟ್ಟಕ್ಕೇ ಇರ್ತವೆ, ಹೆಸರು ಓದಬಹುದು. ನಡೀತಾ ನಡೀತಾ ನೆಲ ಇಳೀತದೆ, ಕಂಬಗಳು ತಲೆ ಮೇಲೆ ನೇತಾಡ್ತವೆ. ನನ್ನ ಮಗ ಅಲ್ಲೀವರೆಗೂ ಬಡಬಡ ಮಾತಾಡ್ತಿದ್ದವನು ಕೈ ಹಿಡ್ಕೊಂಡ. ಕೆಲವು ಕಡೆ ಹೆಸರೇ ಇಲ್ಲ, ‘ಗೊತ್ತಿಲ್ಲ’ ಅಂತ ಕೊರೆದಿದ್ದಾರೆ.

ಕಟ್ಟೆಪುರಾಣ:
ನಾನು ಒಂದು ಪುಸ್ತಕ ಕೇಳಿದ್ರೆ ನೀವು ಒಂದು ಕಪಾಟು ಕೊಟ್ರಿ. ಸದ್ಯಕ್ಕೆ ಮಾಕಿಂಗ್‌ಬರ್ಡ್, ಮೇಲೆ ‘ಜಸ್ಟ್ ಮರ್ಸಿ’ ಸಿನಿಮಾ. ಮುಂದಿನ ಸಲ ‘ಗ್ರೇಪ್ಸ್’, ಪುಸ್ತಕ ಮತ್ತೆ 1940ರ ಜಾನ್ ಫೋರ್ಡ್ ಸಿನಿಮಾ. ಒಂದು ಅನುಮಾನ. ಕಾದಂಬರಿಯ ಕೊನೆ ದೃಶ್ಯ, ಮಗು ಕಳಕೊಂಡ ತಾಯಿ ಹಸಿವಿನಿಂದ ಸಾಯ್ತಿರೋ ಅಪರಿಚಿತನಿಗೆ ಹಾಲೂಡಿಸೋದು, ಕಾಲೇಜು ಮಕ್ಕಳ ಎದುರು ಚರ್ಚೆ ಮಾಡಬಹುದಾ?

ಎಡದಂಡೆ ರಾಯಚೂರು:
ಮಾಡಬೌದಾ ಅಂದ್ರ? ಅದನ್ನ ಬಿಟ್ಟು ಉಳಿದದ್ದು ಏನು ಮಾಡ್ತೀರಿ?

ಗಾಂಧಿಕ್ಲಾಸ್:
ಸಿನಿಮಾದಲ್ಲಿ ಆ ದೃಶ್ಯ ಇಲ್ಲವೇ ಇಲ್ಲ, ಆ ಚಿಂತೆ ಬಿಡಿ. ಆದರೆ ಇನ್ನೊಂದು ಕೈಚಳಕ ಇದೆ, ಅದನ್ನ ಹುಡುಗರಿಗೆ ತೋರಿಸಿ. ಪುಸ್ತಕದಲ್ಲಿ ಸರ್ಕಾರಿ ಕ್ಯಾಂಪು ಮೊದಲು ಬರುತ್ತೆ. ನಲ್ಲಿ ನೀರು, ಸ್ನಾನದ ಮನೆ, ಮರ್ಯಾದೆ ಎಲ್ಲ ಸಿಕ್ಕು, ಕೆಲಸ ಸಿಗದೆ ಅದನ್ನ ಬಿಟ್ಟು ಹೊರಡಬೇಕಾಗುತ್ತೆ. ಆಮೇಲೆ ಪೀಚ್ ತೋಟದ ಮುಷ್ಕರ, ಕೊಲೆ, ಕೊನೆಗೆ ನೆರೆ. ಸಿನಿಮಾದಲ್ಲಿ ತೋಟ ಮೊದಲು, ಸರ್ಕಾರಿ ಕ್ಯಾಂಪು ಆಮೇಲೆ. ದೃಶ್ಯಗಳು ಅವೇ, ಜಾಗ ಅದಲುಬದಲು. ಪುಸ್ತಕದಲ್ಲಿ ಜೋಡ್ ಮನೆಯವರು ಇಳೀತಾ ಹೋಗ್ತಾರೆ, ಸಿನಿಮಾದಲ್ಲಿ ಹತ್ತುತಾರೆ. ಕೊನೆಗೆ ಆ ತಾಯಿ, ನಾವು ಜನ, ನಮ್ಮನ್ನ ಅಳಿಸೋಕೆ ಆಗಲ್ಲ ಅನ್ನೋ ಅರ್ಥದ ಮಾತಾಡಿ ಗಾಡಿ ಮುಂದೆ ಹೋಗುತ್ತೆ.

ಎಡದಂಡೆ ರಾಯಚೂರು:
ಟಿಕೆಟ್ ತಗೊಂಡು ಬಂದವರನ್ನ ಅಳಿಸಿ ಕಳಸಬಾರದಲ್ರಿ.

ಹಳೇಮೇಷ್ಟ್ರು:
ಆ ಮಾತು ಪುಸ್ತಕದಲ್ಲೂ ಇದೆ, ಆದರೆ ಬೇರೆ ಕಡೆ, ಪ್ರಯಾಣದ ನಡುವೆ. ಅದನ್ನ ಎತ್ತಿ ಕೊನೆಗೆ ಇಟ್ಟಿದ್ದಾರೆ.

ನೀಲಿಶಾಯಿ:
ಹಾಗಾದ್ರೆ ಪುಸ್ತಕ ಮುಗಿಯೋವರೆಗೂ ಸಿನಿಮಾ ಹಾಕಬೇಡಿ. ನಾನೂ ಬರ್ತೀನಿ, ಲೈಬ್ರರಿ ಯಾವ ಕಡೆ ಅಂತ ಮೆಸೇಜ್ ಮಾಡಿ.